ಒಂದು ಕಿಲೋ ಬ್ಯಾಟು, ಹದಿನೇಳು ಕಿಲೋ ಬಾಡಿಗೆ

ಬೇಸ್‌ಬಾಲ್ ಬ್ಯಾಟನ್ನು ಕೈಯಲ್ಲಿ ಹಿಡಿದು ನೋಡದವರು ಒನಕೆಯನ್ನು ನೆನೆದುಕೊಂಡರೆ ಸಾಕು. ಒನಕೆಯನ್ನು ಮೋಟು ಮಾಡಿ, ಒಂದು ತುದಿಯನ್ನು ಹೆಬ್ಬೆರಳಿನ ದಪ್ಪಕ್ಕೆ ಸವೆಸಿ, ಕೈ ಜಾರದಿರಲೆಂದು ಆ ತುದಿಯಲ್ಲೊಂದು ಗುಬುಟು ಉಳಿಸಿದರೆ ಅಮೆರಿಕದ ಜನಪ್ರಿಯ ಆಟದ ಆಯುಧ ಸಿದ್ಧ. ಉದ್ದ 42 ಇಂಚು ಮೀರಬಾರದು, ಅತಿ ದಪ್ಪನೆಯ ಜಾಗದಲ್ಲೂ ಅಡ್ಡಳತೆ 2.61 ಇಂಚು ದಾಟಬಾರದು, ಇಡೀ ಬ್ಯಾಟು ಒಂದೇ ಮರದ ತುಂಡಾಗಿರಬೇಕು ಎಂಬುದು ಮೇಜರ್ ಲೀಗಿನ ನಿಯಮ. ಆಟಗಾರರು ಸಾಮಾನ್ಯವಾಗಿ ಹಿಡಿಯುವುದು 33–34 ಇಂಚಿನದು. ತೂಕ 900 ಗ್ರಾಂ ಆಸುಪಾಸು. ಗಾಜಿಲ್ಲ, ತಂತಿಯಿಲ್ಲ, ಬ್ಯಾಟರಿಯಿಲ್ಲ, ಸೋರುವ ದ್ರವವಿಲ್ಲ. ಕೊರಿಯರ್‌ನವನಿಗೆ ಇದಕ್ಕಿಂತ ಸಾಧು ಸರಕು ಇನ್ನೊಂದು ಸಿಗಲಾರದು ಎಂದೇ ಯಾರಿಗಾದರೂ ತೋರುತ್ತದೆ.

ಓಹಿಯೊದಲ್ಲಿ ಕೂತು ಹಳೆಯ ಬ್ಯಾಟುಗಳನ್ನು ಆನ್‌ಲೈನಿನಲ್ಲಿ ಮಾರುವ ಒಬ್ಬ ಸಣ್ಣ ವ್ಯಾಪಾರಿಯನ್ನು ಊಹಿಸಿಕೊಳ್ಳಿ. ಕ್ಯಾಲಿಫೋರ್ನಿಯಾದಿಂದ ಆರ್ಡರ್ ಬಂತು. ಗ್ಯಾರೇಜಿನಲ್ಲಿ ಬಿದ್ದಿದ್ದ ರಟ್ಟಿನ ಪೆಟ್ಟಿಗೆಯೊಂದು ಕಣ್ಣಿಗೆ ಬಿತ್ತು. 36 ಇಂಚು ಉದ್ದ, 12 ಇಂಚು ಅಗಲ, 12 ಇಂಚು ಎತ್ತರ. ಬ್ಯಾಟು ಅದರೊಳಗೆ ಹಾಯಾಗಿ ಮಲಗಿತು. ಸುತ್ತ ಒಂದಿಷ್ಟು ಹಳೇ ಪೇಪರು ತುರುಕಿ, ಟೇಪು ಬಿಗಿದು, ಕೊರಿಯರ್ ಲಾರಿಗೆ ಹತ್ತಿಸಿದ್ದಾಯಿತು. ತಕ್ಕಡಿಯಲ್ಲಿಟ್ಟರೆ ಎರಡು ಕಿಲೋ ತೂಗುವುದೂ ಕಷ್ಟ. ಬಿಲ್ಲು ಬರುವುದು ಮಾತ್ರ 38 ಪೌಂಡಿಗೆ, ಅಂದರೆ 17 ಕಿಲೋಗೆ.

ಮೋಸವೇನೂ ನಡೆದಿಲ್ಲ. ಅಮೆರಿಕದ ದೊಡ್ಡ ಕೊರಿಯರ್ ಸಂಸ್ಥೆಗಳು ಪಾರ್ಸೆಲ್ಲನ್ನು ಎರಡು ಸಲ ತೂಗುತ್ತವೆ. ಒಂದು ತಕ್ಕಡಿಯಲ್ಲಿ, ಇನ್ನೊಂದು ಟೇಪಿನಲ್ಲಿ. ಉದ್ದ, ಅಗಲ, ಎತ್ತರಗಳನ್ನು ಇಂಚುಗಳಲ್ಲಿ ಗುಣಿಸಿ, ಬಂದದ್ದನ್ನು 139ರಿಂದ ಭಾಗಿಸಿ, ಮುಂದಿನ ಪೂರ್ಣ ಪೌಂಡಿಗೆ ಏರಿಸಿದರೆ ಸಿಗುವುದು ಪಾರ್ಸೆಲ್ಲಿನ 'ಗಾತ್ರದ ತೂಕ'. ನಿಜವಾದ ತೂಕ, ಗಾತ್ರದ ತೂಕ ಇವೆರಡರಲ್ಲಿ ಯಾವುದು ಹೆಚ್ಚೋ ಅದಕ್ಕೆ ಬಾಡಿಗೆ. ಮೊದಲು ನೆಲಮಾರ್ಗದ ಪಾರ್ಸೆಲ್ಲುಗಳಲ್ಲಿ ಮೂರು ಘನ ಅಡಿ ಮುಟ್ಟಿದಂಥ ದೊಡ್ಡ ಪೆಟ್ಟಿಗೆಗಳಿಗೆ ಮಾತ್ರ ಈ ಲೆಕ್ಕವಿತ್ತು. 2015ರ ಆರಂಭದ ಹೊತ್ತಿಗೆ ಯುಪಿಎಸ್, ಫೆಡೆಕ್ಸ್ ಎರಡೂ ಅದನ್ನು ಸಣ್ಣದು ದೊಡ್ಡದೆನ್ನದೆ ಎಲ್ಲಕ್ಕೂ ಹಬ್ಬಿಸಿದವು. ಆಗ 166 ಇದ್ದ ಭಾಜಕ 2017ರಲ್ಲಿ 139ಕ್ಕೆ ಇಳಿಯಿತು. ಭಾಜಕ ಇಳಿದರೆ ಬಿಲ್ಲು ಏರುತ್ತದೆ ಎಂಬುದನ್ನು ಐದನೇ ಕ್ಲಾಸಿನ ಮಕ್ಕಳೂ ಬಲ್ಲರು. ಅಮೆರಿಕದ ಅಂಚೆ ಇಲಾಖೆ ಇಟ್ಟುಕೊಂಡ ಭಾಜಕ 166, ಅದೂ ಒಂದು ಘನ ಅಡಿ ಮೀರಿದ ಪೆಟ್ಟಿಗೆಗೆ ಮಾತ್ರ.

ಈಗ ಅದೇ ವ್ಯಾಪಾರಿ ಅದೇ ಬ್ಯಾಟನ್ನು 36 ಇಂಚು ಉದ್ದದ, ಆರು ಇಂಚು ಚೌಕದ ಪೆಟ್ಟಿಗೆಗೆ ಹಾಕಲಿ. 38 ಪೌಂಡ್ ಇದ್ದದ್ದು 10ಕ್ಕೆ ಇಳಿಯಿತು. ನಾಲ್ಕು ಇಂಚು ಚೌಕದ ಪೆಟ್ಟಿಗೆ ಸಿಕ್ಕರೆ 5 ಪೌಂಡ್. ಬ್ಯಾಟು ಅದೇ, ಹೋಗುವ ಊರು ಅದೇ, ಲಾರಿಯೂ ಅದೇ. ಕಡಿಮೆಯಾದದ್ದು ಪೆಟ್ಟಿಗೆಯೊಳಗಿನ ಗಾಳಿ. ಅಂಚೆಯಲ್ಲಾದರೆ ಇವೆರಡು ಸಣ್ಣ ಪೆಟ್ಟಿಗೆಗಳೂ ಒಂದು ಘನ ಅಡಿಯೊಳಗೇ ಇರುವುದರಿಂದ ಗಾತ್ರದ ತೂಕದ ಪ್ರಶ್ನೆಯೇ ಏಳುವುದಿಲ್ಲ. ತಕ್ಕಡಿ ಹೇಳಿದ್ದೇ ಅಂತಿಮ.

ಗದಗ, ಹುಬ್ಬಳ್ಳಿ ಕಡೆಯವರಿಗೆ ಇದು ಹೊಸ ಲೆಕ್ಕವಲ್ಲ. ಹತ್ತಿ ಬಿಡಿಸಿ, ಅರಳೆಯನ್ನು ಹಾಗೇ ತುಂಬಿ ಕಳಿಸಿದರೆ ವ್ಯಾಗನ್ ತುಂಬುತ್ತದೆ, ತೂಕ ತುಂಬುವುದಿಲ್ಲ. ಅದಕ್ಕೇ ಆ ಊರುಗಳಲ್ಲಿ ಜಿನ್ನಿಂಗ್ ಜತೆಗೆ ಪ್ರೆಸ್ಸಿಂಗ್ ಫ್ಯಾಕ್ಟರಿಗಳೂ ಎದ್ದವು. ಅರಳೆಯನ್ನು ಒತ್ತಿ, ಪಟ್ಟಿ ಬಿಗಿದು, ಕಲ್ಲಿನಂಥ ಬೇಲು ಮಾಡಿದ ಮೇಲಷ್ಟೇ ಅದು ರೈಲು, ಹಡಗು ಹತ್ತುತ್ತಿತ್ತು. ಹುಲ್ಲಿನ ಲಾರಿ ಇಡೀ ರಸ್ತೆ ಹಿಡಿದುಕೊಂಡು ಓಲಾಡುತ್ತ ಹೋಗುವುದನ್ನು ಕಂಡವರು, ಕೊರಿಯರ್‌ನವರು ಜಾಗಕ್ಕೆ ದುಡ್ಡು ಕೇಳುವುದನ್ನು ಅನ್ಯಾಯವೆನ್ನಲಾರರು. ಲಾರಿಯ ಜಾಗ ತುಂಬಿದ ಮೇಲೆ, ಎಷ್ಟೇ ಹಗುರಾಗಿದ್ದರೂ, ಇನ್ನೊಬ್ಬರ ಸರಕು ಅದರಲ್ಲಿ ಹಿಡಿಯುವುದಿಲ್ಲ.

ಹಾಗಿದ್ದೂ ಬ್ಯಾಟು ಕಳಿಸುವವರ ನಡುವೆ ಒಂದು ನಂಬಿಕೆ ಗಟ್ಟಿಯಾಗಿ ಬೇರೂರಿದೆ. ಅಗ್ಗ ಬೇಕಾದರೆ ಭದ್ರತೆ ಬಿಡಬೇಕು, ಭದ್ರತೆ ಬೇಕಾದರೆ ದೊಡ್ಡ ಪೆಟ್ಟಿಗೆ, ಹೆಚ್ಚು ತುಂಬುವಣಿಗೆ, ಹೆಚ್ಚು ದುಡ್ಡು ಎಂಬ ನಂಬಿಕೆ. ಬ್ಯಾಟಿನ ಮಟ್ಟಿಗೆ ಇದು ಸುಳ್ಳು. ಅದಕ್ಕೆ ಪೆಟ್ಟಿಗೆಯೊಳಗೆ ಓಡಾಡಲು ಜಾಗ ಕೊಟ್ಟರೇ ಅಪಾಯ. ಲಾರಿ ಬ್ರೇಕ್ ಹಾಕಿದಾಗಲೆಲ್ಲ ಒಂದು ಕಿಲೋ ಮರ ಪೆಟ್ಟಿಗೆಯ ಗೋಡೆಗೆ ಗುದ್ದುತ್ತದೆ. ಹತ್ತನೇ ಗುದ್ದಿಗೆ ರಟ್ಟು ಹರಿದು ಗುಬುಟು ಹೊರಗೆ ಇಣುಕುತ್ತದೆ. ಮೈಗಂಟಿದಂಥ ಪೆಟ್ಟಿಗೆಯಲ್ಲಿ ಗುದ್ದಲು ಬೇಕಾದ ದೂರವೇ ಸಿಗುವುದಿಲ್ಲ. ಬಾಡಿಗೆ ಇಳಿಸುವ ಕೆಲಸವೂ ಬ್ಯಾಟು ಕಾಯುವ ಕೆಲಸವೂ ಇಲ್ಲಿ ಒಂದೇ.

ಪಳಗಿದ ಕೈ ಬ್ಯಾಟು ಕಟ್ಟುವುದನ್ನು ಹತ್ತಿರ ನಿಂತು ನೋಡಬೇಕು. ಮೊದಲ ಕೆಲಸ ಒರೆಸುವುದು. ಹಿಡಿತ ಸಿಗಲೆಂದು ಆಟಗಾರರು ಬಳಿಯುವ ಪೈನ್ ಟಾರ್ ಎಂಬ ಅಂಟು ಹಿಡಿಯ ಮೇಲಿದ್ದರೆ ಕಾಗದ ಅದಕ್ಕೇ ಕಚ್ಚಿಕೊಳ್ಳುತ್ತದೆ. ಆದರೆ ಪಂದ್ಯದಲ್ಲಿ ಆಡಿದ ಬ್ಯಾಟಾದರೆ ಆ ಅಂಟನ್ನು ಮುಟ್ಟುವಂತೆಯೇ ಇಲ್ಲ. ಸಂಗ್ರಾಹಕ ದುಡ್ಡು ಕೊಡುವುದೇ ಅದಕ್ಕೆ, ಚೆಂಡಿನ ಹೊಲಿಗೆಯ ಗುರುತಿಗೆ, ಬ್ಯಾಟು ಇಡುವ ಗೂಡಿನ ಬಣ್ಣ ಹತ್ತಿದ ಕಲೆಗೆ. ಅಂಥದಕ್ಕೆ ಮೊದಲು ತೆಳು ಪ್ಲಾಸ್ಟಿಕ್ಕಿನ ಉದ್ದ ಚೀಲ ಏರುತ್ತದೆ. ಸಹಿ ಇದ್ದರೆ ಅದರ ಮೇಲೆ ನೇರವಾಗಿ ಗುಳ್ಳೆ ಪ್ಲಾಸ್ಟಿಕ್ ಸುತ್ತುವುದಿಲ್ಲ. ಬೇಸಿಗೆಯ ಲಾರಿಯ ಕಾವಿಗೆ ಗುಳ್ಳೆಗಳ ಅಚ್ಚು ಶಾಯಿಯ ಮೇಲೆ ಮೂಡಿಬಿಡಬಹುದು. ಚೀಲದ ಮೇಲೆ ಮೆತ್ತನೆಯ ಕಾಗದ, ಅದರ ಮೇಲೆ ಗುಳ್ಳೆ ಪ್ಲಾಸ್ಟಿಕ್.

ಅಂದಹಾಗೆ ಈ ಗುಳ್ಳೆ ಪ್ಲಾಸ್ಟಿಕ್ ಹುಟ್ಟಿದ್ದು ಪ್ಯಾಕಿಂಗಿಗಾಗಿ ಅಲ್ಲವೇ ಅಲ್ಲ. 1957ರಲ್ಲಿ ನ್ಯೂಜೆರ್ಸಿಯ ಹಾಥಾರ್ನ್ ಎಂಬ ಊರಿನಲ್ಲಿ ಆಲ್ಫ್ರೆಡ್ ಫೀಲ್ಡಿಂಗ್, ಮಾರ್ಕ್ ಶವಾನ್ ಇಬ್ಬರೂ ಉಬ್ಬುತಗ್ಗಿನ ಗೋಡೆಕಾಗದ ಮಾಡಲು ಹೊರಟು ಸೋತರು. ಸೋತ ಆ ಗೋಡೆಕಾಗದಕ್ಕೆ ಕೆಲಸ ಸಿಕ್ಕಿದ್ದು ಆಮೇಲೆ, ಐಬಿಎಂ ತನ್ನ ಕಂಪ್ಯೂಟರುಗಳನ್ನು ಸುತ್ತಿ ಕಳಿಸಲು ಅದನ್ನು ಕೊಂಡಾಗ.

ಸುತ್ತುವುದರಲ್ಲೂ ಹದವಿದೆ. ಹೊಸಬರು ಬ್ಯಾಟಿನ ದಪ್ಪ ಭಾಗಕ್ಕೆ, ಅಂದರೆ ಬ್ಯಾರೆಲ್ಲಿಗೆ, ನಾಲ್ಕು ಸುತ್ತು ಸುತ್ತಿ, ಹಿಡಿಗೆ ಒಂದೇ ಸುತ್ತು ಹಾಕಿ ಮುಗಿಸುತ್ತಾರೆ. ದಪ್ಪಗಿರುವುದಕ್ಕೆ ಹೆಚ್ಚು ಹೊದಿಕೆ ಬೇಕೆಂದು ಕೈ ತಾನಾಗಿ ತಿಳಿದುಕೊಳ್ಳುತ್ತದೆ. ಆಗಬೇಕಾದದ್ದು ತಿರುಗುಮುರುಗು. ಮುರಿಯುವುದು ಹಿಡಿ. ಬ್ಯಾರೆಲ್ಲಿಗೆ ಒಂದು ಸುತ್ತು ಸಾಕು, ಹಿಡಿಗೆ ಅದರ ದಪ್ಪ ಬ್ಯಾರೆಲ್ಲಿಗೆ ಸಮವಾಗುವ ತನಕ ಸುತ್ತಬೇಕು. ಆಗ ಇಡೀ ಬ್ಯಾಟು ಒಂದೇ ದಪ್ಪದ ಕೊರಡಿನಂತಾಗಿ ಪೆಟ್ಟಿಗೆಯ ನಾಲ್ಕೂ ಗೋಡೆಗೆ ಉದ್ದಕ್ಕೂ ಒರಗಿಕೊಳ್ಳುತ್ತದೆ, ನಡುವೆ ಎಲ್ಲೂ ತೂಗಾಡುವುದಿಲ್ಲ. ಕೊನೆಗೆ ಎರಡು ತುದಿಗಳಿಗೂ ರಟ್ಟನ್ನು ಮಡಿಸಿ ಮಡಿಸಿ ಮಾಡಿದ ಒಂದೊಂದು ಇಂಚಿನ ದಿಂಡು. ಪಾರ್ಸೆಲ್ಲು ನೆಟ್ಟಗೆ ನಿಂತು ಬಿದ್ದರೆ ಇಡೀ ಭಾರ ಗುಬುಟಿನ ಮೇಲೆ ಬರುತ್ತದಲ್ಲ, ಆ ಪೆಟ್ಟನ್ನು ತಿನ್ನುವುದು ಈ ದಿಂಡು. ಮುಚ್ಚಿದ ಮೇಲೆ ಪೆಟ್ಟಿಗೆಯನ್ನು ಕಿವಿಯ ಹತ್ತಿರ ಹಿಡಿದು ಅಲ್ಲಾಡಿಸಬೇಕು. ಸದ್ದು ಬಂದರೆ ಬಿಚ್ಚಿ ಮತ್ತೆ ಕಟ್ಟು.

ಎರಡು ಬ್ಯಾಟು ಕಳಿಸುವುದಿದ್ದರೆ ಲಾಭ ಇನ್ನೂ ಹೆಚ್ಚು. ಒಂದರ ತಲೆಯ ಪಕ್ಕ ಇನ್ನೊಂದರ ಕಾಲು ಬರುವಂತೆ ಮಲಗಿಸಿದರೆ, ಒಂದರ ಸಪೂರ ಹಿಡಿಯ ಪಕ್ಕದ ಖಾಲಿ ಜಾಗವನ್ನು ಇನ್ನೊಂದರ ಬ್ಯಾರೆಲ್ ತುಂಬುತ್ತದೆ. ಇಕ್ಕಟ್ಟಾದ ಮನೆಯಲ್ಲಿ ಅಣ್ಣತಮ್ಮಂದಿರು ಒಂದೇ ಚಾಪೆಯಲ್ಲಿ ಮಲಗುವ ಕ್ರಮ. ಆರು ಇಂಚಿನ ಅದೇ ಪೆಟ್ಟಿಗೆಯಲ್ಲಿ ಎರಡು ಬ್ಯಾಟು ಸಲೀಸಾಗಿ ಹೋಗುತ್ತವೆ, ಬಾಡಿಗೆ ಒಂದರದ್ದೇ.

ದುಂಡನೆಯ ರಟ್ಟಿನ ಕೊಳವೆ ಬ್ಯಾಟಿಗೆಂದೇ ಹುಟ್ಟಿದಂತೆ ಕಾಣುತ್ತದೆ. ನೋಟಕ್ಕೆ ಮಾತ್ರ. ಕೊಳವೆ ಬೆಲ್ಟಿನ ಮೇಲೆ ಉರುಳುತ್ತದೆ, ವಿಂಗಡಿಸುವ ಯಂತ್ರದಲ್ಲಿ ದಾರಿ ತಪ್ಪುತ್ತದೆ. ಹಾಗಾಗಿ ಹೊರಗೆ ರಟ್ಟಿನ ಪೆಟ್ಟಿಗೆಯಿಲ್ಲದ ಉರುಳೆಯಾಕಾರದ ಸರಕಿಗೆ ಯುಪಿಎಸ್ 'ಹೆಚ್ಚುವರಿ ನಿರ್ವಹಣೆ' ಎಂದು ಬೇರೆಯೇ ದುಡ್ಡು ಹಾಕುತ್ತದೆ. ಮೂಲೆಗಳಿರುವ ಪೆಟ್ಟಿಗೆ ಹಾಕಿದಲ್ಲೇ ಕೂರುತ್ತದೆ. ಅತಿ ಉದ್ದದ ಪಾರ್ಸೆಲ್ಲಿಗೆ ಅದೇ ಸಂಸ್ಥೆ ಹಾಕುವ ದಂಡದ ಗೆರೆ 48 ಇಂಚಿನಲ್ಲಿದೆ. ನಿಯಮದ ಗರಿಷ್ಠ ಉದ್ದದ ಬ್ಯಾಟನ್ನು ದಿಂಡು ಸಮೇತ ಕಟ್ಟಿದರೂ ಅದರೊಳಗೆ ಬರುತ್ತದೆ. ಮೂವತ್ತಾರು ಇಂಚಿನ ಸಪೂರ ಪೆಟ್ಟಿಗೆ ಸಿಗದಿದ್ದರೆ ಹದಿನೆಂಟು ಹದಿನೆಂಟರ ಎರಡನ್ನು ಬಾಯಿಗೆ ಬಾಯಿ ಕೊಟ್ಟು ಜೋಡಿಸುವವರುಂಟು. ಅಗ್ಗ ನಿಜ. ಆದರೆ ಬೆಸುಗೆ ಬರುವುದು ಸರಿಯಾಗಿ ನಡುವಿನಲ್ಲಿ, ಪಾರ್ಸೆಲ್ಲು ಬಾಗುವ ಜಾಗದಲ್ಲೇ. ಒಳಗೊಂದು ಉದ್ದ ರಟ್ಟಿನ ಹಲಗೆ ಕೊಟ್ಟು ಬಲಪಡಿಸದೆ ಈ ಸಾಹಸಕ್ಕೆ ಇಳಿಯಬಾರದು.

ಹಿಡಿ ಯಾಕೆ ಮುರಿಯುತ್ತದೆಂಬುದರ ಬಗ್ಗೆ ಅಮೆರಿಕ ಒಂದು ದೊಡ್ಡ ಸಂಶೋಧನೆಯನ್ನೇ ನಡೆಸಿದೆ. ಬ್ಯಾಟು ಹಿಂದೆ ಹೆಚ್ಚಾಗಿ ಆಷ್ ಮರದ್ದು. 1990ರ ದಶಕದ ಕೊನೆಗೆ ಮೇಪಲ್ ಮರ ಬಂತು. 2001ರಲ್ಲಿ ಬ್ಯಾರಿ ಬಾಂಡ್ಸ್ ಮೇಪಲ್ ಬ್ಯಾಟು ಹಿಡಿದು 73 ಹೋಮ್ ರನ್ ಹೊಡೆದ ಮೇಲೆ ಎಲ್ಲರಿಗೂ ಅದೇ ಬೇಕಾಯಿತು. ಆಷ್ ಮುರಿಯುವಾಗ ಸಾಮಾನ್ಯವಾಗಿ ಸೀಳು ಬಿಟ್ಟು ಮುನ್ಸೂಚನೆ ಕೊಡುತ್ತದೆ. ಮೇಪಲ್ ಥಟ್ಟನೆ ಎರಡು ಹೋಳಾಗಿ, ಚೂಪು ತುದಿಯ ತುಂಡು ಮೈದಾನದಲ್ಲಿ ಹಾರುತ್ತದೆ. 2008ರ ಜುಲೈಯಿಂದ ಸೆಪ್ಟೆಂಬರ್ ಮೊದಲ ವಾರದವರೆಗೆ ಮೇಜರ್ ಲೀಗಿನವರು ಮುರಿದ ಬ್ಯಾಟುಗಳನ್ನೆಲ್ಲ ಕೂಡಿಹಾಕಿದರು. ಸಿಕ್ಕಿದ್ದು 2,232; ಅವುಗಳಲ್ಲಿ 756 ಹೋಳು ಹೋಳಾಗಿದ್ದವು. ವಿಸ್ಕಾನ್ಸಿನ್ನಿನ ಮ್ಯಾಡಿಸನ್‌ನಲ್ಲಿರುವ ಸರ್ಕಾರಿ ಅರಣ್ಯೋತ್ಪನ್ನ ಪ್ರಯೋಗಾಲಯದವರು ಅವನ್ನು ಪರೀಕ್ಷಿಸಿ ಕಂಡುಕೊಂಡದ್ದು ನಮ್ಮೂರ ಬಡಗಿಗೂ ಒಪ್ಪಿಗೆಯಾಗುವಂಥ ಮಾತು: ಮರದ ನಾರು ಹಿಡಿಯ ಉದ್ದಕ್ಕೆ ನೇರವಾಗಿ ಓಡುತ್ತಿರಬೇಕು. ಮೂರು ಡಿಗ್ರಿಗಿಂತ ಹೆಚ್ಚು ಓರೆಯಾದರೆ ಅಪಾಯ. ಮೇಪಲ್‌ನಲ್ಲಿ ನಾರು ಕಣ್ಣಿಗೆ ಕಾಣುವುದಿಲ್ಲವಾದ್ದರಿಂದ ಹಿಡಿಯ ಮೇಲೆ ಒಂದು ತೊಟ್ಟು ಶಾಯಿ ಬಿಡುತ್ತಾರೆ. ಶಾಯಿ ನಾರಿನ ದಾರಿ ಹಿಡಿದು ಹರಿಯುತ್ತದೆ, ಓರೆ ಎಷ್ಟೆಂದು ಅಳೆಯಬಹುದು. ಟೀವಿಯಲ್ಲಿ ಪಂದ್ಯ ನೋಡುವವರಿಗೆ ಬ್ಯಾಟಿನ ಹಿಡಿಯ ಮೇಲೆ ಕಾಣುವ ಆ ಕಪ್ಪು ಚುಕ್ಕೆ ದೃಷ್ಟಿಬೊಟ್ಟಲ್ಲ, ಇದು.

ಬ್ಯಾಟು ಕಳಿಸುವವನಿಗೂ ಆ ಚುಕ್ಕೆ ಒಂದು ಮಾತು ಹೇಳುತ್ತದೆ. ಮರ ತನ್ನ ಉದ್ದಕ್ಕೆ ಬೀಳುವ ಹೊರೆಯನ್ನು ಹೊರುತ್ತದೆ, ಅಡ್ಡಕ್ಕೆ ಬೀಳುವ ಪೆಟ್ಟನ್ನು ಅಷ್ಟಾಗಿ ತಾಳುವುದಿಲ್ಲ. ಗೋದಾಮಿನಲ್ಲಿ ಮಲಗಿದ ಉದ್ದ ಪೆಟ್ಟಿಗೆಯ ನಟ್ಟನಡುವೆ ಇಪ್ಪತ್ತು ಕಿಲೋದ ಇನ್ನೊಂದು ಪೆಟ್ಟಿಗೆ ಬಿದ್ದರೆ ಏಟು ತಗಲುವುದು ಹಿಡಿ ಶುರುವಾಗುವ ಸಪೂರ ಜಾಗದ ಆಸುಪಾಸಿಗೇ. ಹಿಡಿಗೆ ನಾಲ್ಕು ಸುತ್ತು ಬೇಕೆನ್ನುವುದು ಅದಕ್ಕೇ.

ಮಕ್ಕಳೂ ಕಾಲೇಜು ಹುಡುಗರೂ ಹಿಡಿಯುವ ಅಲ್ಯುಮಿನಿಯಂ ಬ್ಯಾಟಿಗೆ ಮುರಿಯುವ ಭಯವಿಲ್ಲ, ತಗ್ಗು ಬೀಳುವ ಭಯವಿದೆ. ಒಂದು ತಗ್ಗು ಬಿದ್ದರೂ ಅದನ್ನು ಪಂದ್ಯದಲ್ಲಿ ಬಳಸಲು ಬಿಡದಿರಬಹುದು. ಕಾರ್ಬನ್ ನಾರಿನ ಕಾಂಪೊಸಿಟ್ ಬ್ಯಾಟಿನ ಸಂಕಟ ಚಳಿ. ಸುಮಾರು 60 ಡಿಗ್ರಿ ಫ್ಯಾರನ್‌ಹೀಟ್‌ಗಿಂತ, ಅಂದರೆ ನಮ್ಮ ಲೆಕ್ಕದಲ್ಲಿ 15–16 ಡಿಗ್ರಿಗಿಂತ ತಣ್ಣಗಿರುವಾಗ ಅದರಲ್ಲಿ ಆಡಬೇಡಿ ಎಂದು ತಯಾರಕರೇ ಎಚ್ಚರಿಸುತ್ತಾರೆ. ಫೆಬ್ರವರಿಯ ಮಿನೆಸೊಟಾದಲ್ಲಿ ರಾತ್ರಿಯಿಡೀ ಲಾರಿಯಲ್ಲಿದ್ದು ಬಂದ ಅಂಥ ಬ್ಯಾಟನ್ನು ಪೆಟ್ಟಿಗೆಯಿಂದ ತೆಗೆದ ಕೂಡಲೇ ಬೀಸಿ ನೋಡುವ ಉತ್ಸಾಹವನ್ನು ಅರ್ಧ ದಿನ ತಡೆದುಕೊಂಡರೆ ಒಳ್ಳೆಯದು. ಮರದ ಬ್ಯಾಟಿನ ಶತ್ರು ತೇವ. ಜಪಾನಿನಿಂದ ಬಂದು ಸಿಯಾಟಲ್‌ನಲ್ಲಿ ದಂತಕಥೆಯಾದ ಇಚಿರೋ ಸುಝುಕಿ ತನ್ನ ಬ್ಯಾಟುಗಳನ್ನು ತೇವ ತಾಕದ ವಿಶೇಷ ಪೆಟ್ಟಿಗೆಯಲ್ಲಿಟ್ಟು ಊರೂರಿಗೆ ಒಯ್ಯುತ್ತಿದ್ದರು. ಬೇರೆ ಆಟಗಾರರ ಬ್ಯಾಟುಗಳು ಬಟ್ಟೆಯ ಚೀಲದಲ್ಲಿ ರಾಶಿ ಬಿದ್ದಿರುವಾಗ ಇಚಿರೋ ಪೆಟ್ಟಿಗೆ ವೀಣೆಯ ಪೆಟ್ಟಿಗೆಯ ಗತ್ತಿನಲ್ಲಿ ಇರುತ್ತಿತ್ತು.

ಬಾಡಿಗೆಯ ವಿಷಯದಲ್ಲಿ ಕೊರಿಯರ್‌ಗಳ ಪರವಾಗಿ ಇಷ್ಟು ವಾದಿಸಿದ ಮೇಲೆ ಅಂಚೆ ಇಲಾಖೆಯೊಡನೆ ಒಂದು ಜಗಳ ಉಳಿದಿದೆ. 2022ರ ಏಪ್ರಿಲ್‌ನಲ್ಲಿ ಅಮೆರಿಕದ ಅಂಚೆ ಉದ್ದದ ಪಾರ್ಸೆಲ್ಲುಗಳ ಮೇಲೆ ಹೊಸ ಶುಲ್ಕ ತಂದಿತು. 22 ಇಂಚು ದಾಟಿದರೆ 4 ಡಾಲರ್, 30 ಇಂಚು ದಾಟಿದರೆ 15 ಡಾಲರ್, ಎರಡು ಘನ ಅಡಿ ದಾಟಿದರೆ ಮತ್ತೆ 15 ಡಾಲರ್. ಕಾರಣ ಸುಳ್ಳಲ್ಲ. ಉದ್ದದ ಪೆಟ್ಟಿಗೆ ಯಂತ್ರದ ತಿರುವುಗಳಲ್ಲಿ ಸಿಕ್ಕಿಕೊಳ್ಳುತ್ತದೆ, ಅದನ್ನು ಕೈಯಿಂದಲೇ ಎತ್ತಿಡಬೇಕು, ಕೈಗೆ ಸಂಬಳ ಕೊಡಬೇಕು. ಆಮೇಲೆ ದರಗಳು ಬದಲಾಗಿವೆ, ಉದ್ದದ ಮೇಲೆ ಗೆರೆ ಎಳೆಯುವ ಪದ್ಧತಿ ಉಳಿದಿದೆ. ತೊಂದರೆಯೆಂದರೆ ಆ 30 ಇಂಚಿನ ಗೆರೆ. ದೇಶದ ಸ್ವಂತ ಆಟವೆಂದು ಹಾಡಿ ಹೊಗಳುವ ಆಟದ ಸಲಕರಣೆ 33 ಇಂಚು. ಕಟ್ಟಿದ ಮೇಲೆ 36. ಒಂದು ಕಿಲೋ ತೂಗುವ, ಒಂದು ಘನ ಅಡಿಯ ಮೂರನೇ ಒಂದು ಭಾಗವಷ್ಟೇ ಇರುವ ಸಪೂರ ಪಾರ್ಸೆಲ್ಲು, ಎರಡಾಳು ಹೊರುವ ಪೀಠೋಪಕರಣದ ಪೆಟ್ಟಿಗೆಯ ಪಂಕ್ತಿಯಲ್ಲೇ ಕೂತು ಉದ್ದಕ್ಕೆ ಅದೇ ದಂಡ ತೆರುತ್ತದೆ. ಇಪ್ಪತ್ತು ಡಾಲರಿನ ಹಳೇ ಬ್ಯಾಟಿಗೆ 2022ರ ದರದಂತೆ ಹದಿನೈದು ಡಾಲರ್ ಬರೀ ದಂಡವೆಂದರೆ ಅದನ್ನು ಯಾರೂ ಮಾರುವುದಿಲ್ಲ, ಕೊಳ್ಳುವುದೂ ಇಲ್ಲ. ಗ್ಯಾರೇಜಿನಲ್ಲಿ ಗೆದ್ದಲು ತಿನ್ನುತ್ತದೆ. ಉದ್ದವನ್ನೂ ಘನ ಅಳತೆಯನ್ನೂ ಕೂಡಿಸಿ ನೋಡಿದ್ದರೆ, ಉದ್ದವಿದ್ದೂ ಸಪೂರವಾಗಿರುವ ಸರಕಿಗೆ ನಡುವಿನದೊಂದು ದರ ಇಟ್ಟಿದ್ದರೆ, ಯಂತ್ರದ ಕಷ್ಟಕ್ಕೂ ಬೆಲೆ ಸಿಗುತ್ತಿತ್ತು, ಸಣ್ಣ ವ್ಯಾಪಾರಿಯೂ ಉಳಿಯುತ್ತಿದ್ದ.

ಗೆರೆಯಿಂದ ತಪ್ಪಿಸಿಕೊಳ್ಳಲು ಜನ ರೇಖಾಗಣಿತಕ್ಕೂ ಕೈ ಹಾಕಬಹುದು. 29 ಇಂಚು ಉದ್ದ, 18 ಇಂಚು ಅಗಲದ ಚಪ್ಪಟೆ ಪೆಟ್ಟಿಗೆಯ ಮೂಲೆಯಿಂದ ಮೂಲೆಗೆ ಅಳೆದರೆ 34 ಇಂಚು ಬರುತ್ತದೆ. ಬ್ಯಾಟನ್ನು ಓರೆಯಾಗಿ ಮಲಗಿಸಿದರೆ 33 ಇಂಚಿನದು ಕೂರಬೇಕಲ್ಲವೇ? ಕಾಗದದ ಮೇಲೆ ಕೂರುತ್ತದೆ. ಕಾಗದದ ಗೆರೆಗೆ ದಪ್ಪವಿಲ್ಲ, ಬ್ಯಾಟಿಗಿದೆ. ಎರಡೂವರೆ ಇಂಚಿನ ಬ್ಯಾರೆಲ್ ಮೂಲೆಗೆ ಹೋಗುವ ಮೊದಲೇ ಗೋಡೆಗಳಿಗೆ ತಾಗಿ ನಿಲ್ಲುತ್ತದೆ. ಬಲವಂತದಿಂದ ತುರುಕಿದರೆ ಗುಬುಟು ಪೆಟ್ಟಿಗೆಯ ಮೂಲೆಯನ್ನೇ ಬಿಚ್ಚುತ್ತದೆ.

ಅಂಚೆಯವರು ಉದ್ದ, ತೂಕಗಳ ಬಗ್ಗೆ ಇಷ್ಟು ಹುಷಾರಾಗಲು ಹಳೆಯ ಕಾರಣಗಳೂ ಇವೆ. ಅಮೆರಿಕದಲ್ಲಿ ಪಾರ್ಸೆಲ್ ಅಂಚೆ ಶುರುವಾದದ್ದು 1913ರ ಜನವರಿ 1ರಂದು. ಮೂರೇ ವರ್ಷದಲ್ಲಿ, 1916ರಲ್ಲಿ, ಯೂಟಾದ ವರ್ನಲ್ ಎಂಬ ದೂರದ ಊರಿನಲ್ಲಿ ಬ್ಯಾಂಕ್ ಕಟ್ಟಲು ಹೊರಟವರೊಬ್ಬರು ಲೆಕ್ಕ ಹಾಕಿ ನೋಡಿದರು: ಗಾಡಿ ಬಾಡಿಗೆಗಿಂತ ಅಂಚೆಯೇ ಅಗ್ಗ. ಇಟ್ಟಿಗೆಗಳನ್ನು ಐವತ್ತು ಐವತ್ತು ಪೌಂಡಿನ ಪೊಟ್ಟಣ ಮಾಡಿ ಎಂಬತ್ತು ಸಾವಿರದಷ್ಟನ್ನು ಅಂಚೆಯಲ್ಲೇ ತರಿಸಿದರು. ಅಂಚೆ ಇಲಾಖೆ ಕಂಗಾಲಾಗಿ, ಒಬ್ಬರು ದಿನಕ್ಕೆ ಕಳಿಸಬಹುದಾದ ಸರಕಿಗೆ 200 ಪೌಂಡಿನ ಮಿತಿ ಹಾಕಿತು. ಆ ಬ್ಯಾಂಕಿಗೆ ಹೋಲಿಸಿದರೆ ಬ್ಯಾಟು ಕಳಿಸುವವರು ಪಾಪದವರು.

ದೊಡ್ಡವರಿಗೆ ಈ ಯಾವ ಲೆಕ್ಕವೂ ಇಲ್ಲ. ಫೆಬ್ರವರಿ ಬಂದರೆ ಬಾಸ್ಟನ್ನಿನ ಫೆನ್‌ವೇ ಪಾರ್ಕ್ ಮುಂದೆ ಜನ ಚಳಿಯಲ್ಲಿ ನಿಂತು ಒಂದು ಲಾರಿಗೆ ಚಪ್ಪಾಳೆ ತಟ್ಟುತ್ತಾರೆ. ರೆಡ್ ಸಾಕ್ಸ್ ತಂಡದ ಸಾಮಾನು ಹೊತ್ತು ಫ್ಲಾರಿಡಾದ ಫೋರ್ಟ್ ಮೈಯರ್ಸ್‌ನ ತರಬೇತಿ ಶಿಬಿರಕ್ಕೆ ಹೊರಡುವ ಲಾರಿ ಅದು. ಆ ದಿನಕ್ಕೆ 'ಟ್ರಕ್ ಡೇ' ಎಂದೇ ಹೆಸರು. ತಂಡ ಹೊರಡಿಸುವ ಪಟ್ಟಿಯಲ್ಲಿ 20,400 ಚೆಂಡು, 1,100 ಬ್ಯಾಟು, 60 ಪೆಟ್ಟಿಗೆ ಸೂರ್ಯಕಾಂತಿ ಬೀಜ, 20 ಪೆಟ್ಟಿಗೆ ಬಬಲ್ ಗಮ್. ಜಾತ್ರೆಗೆ ತೇರಿನ ಗಾಲಿ ಹೊರತೆಗೆದ ದಿನದ ಸಂಭ್ರಮ. ಸಾವಿರದ ನೂರು ಬ್ಯಾಟನ್ನು ಒಟ್ಟಿಗೆ ಹೊತ್ತೊಯ್ಯುವಾಗ ಒಂದೊಂದರ ಬಾಡಿಗೆ ಎಷ್ಟು ಬಿತ್ತೆಂದು ಯಾರೂ ಕೇಳುವುದಿಲ್ಲ.

ಇನ್ನೊಂದು ತುದಿಯಲ್ಲಿ, ಬಾಡಿಗೆಯನ್ನು ಲೆಕ್ಕಿಸಬೇಕಿಲ್ಲದಷ್ಟು ದುಬಾರಿ ಬ್ಯಾಟುಗಳಿವೆ. 1923ರಲ್ಲಿ ಯಾಂಕೀ ಸ್ಟೇಡಿಯಂ ತೆರೆದಾಗ ಅಲ್ಲಿ ಮೊದಲ ಹೋಮ್ ರನ್ ಹೊಡೆದ ಬೇಬ್ ರೂತ್ ಬ್ಯಾಟು 2004ರಲ್ಲಿ ಸದಬೀಸ್ ಹರಾಜಿನಲ್ಲಿ 12.65 ಲಕ್ಷ ಡಾಲರಿಗೆ ಹೋಯಿತು. ಅಂಥದ್ದನ್ನು ಯಾರೂ ರಟ್ಟಿನ ಪೆಟ್ಟಿಗೆಯಲ್ಲಿ ಹಾಕಿ ಸ್ಟಾಂಪು ಅಂಟಿಸುವುದಿಲ್ಲ ಎನ್ನಿ. ಆದರೂ 1958ರಲ್ಲಿ ಆಭರಣ ವ್ಯಾಪಾರಿ ಹ್ಯಾರಿ ವಿನ್‌ಸ್ಟನ್, ಭಾರತದಲ್ಲೇ ಹುಟ್ಟಿದ ಹೋಪ್ ವಜ್ರವನ್ನು ಸ್ಮಿತ್‌ಸೋನಿಯನ್ ವಸ್ತುಸಂಗ್ರಹಾಲಯಕ್ಕೆ ಕಳಿಸಿದ್ದು ಸಾದಾ ಕಂದು ಕಾಗದದ ಪೊಟ್ಟಣದಲ್ಲಿ, ರಿಜಿಸ್ಟರ್ಡ್ ಅಂಚೆಯಲ್ಲಿ. ಖರ್ಚು 145.29 ಡಾಲರ್; ಅದರಲ್ಲಿ ಅಂಚೆವೆಚ್ಚ ಬರೀ 2.44, ಮಿಕ್ಕದ್ದೆಲ್ಲ ವಿಮೆ. ವಜ್ರ ಮುಷ್ಟಿಯಲ್ಲಿ ಹಿಡಿಯುವಂಥದ್ದು, ಅದಕ್ಕೆ ಉದ್ದದ ದಂಡದ ಕಾಟವಿಲ್ಲ.

ಆ ಲೆಕ್ಕದಲ್ಲಿ ಕಲಿಯಬೇಕಾದದ್ದು ವಿಮೆಯ ಪಾಲು. ಯುಪಿಎಸ್, ಫೆಡೆಕ್ಸ್‌ಗಳಲ್ಲಿ ಬೇರೇನೂ ಬರೆಸದಿದ್ದರೆ ಪಾರ್ಸೆಲ್ಲಿನ ಹೊಣೆ 100 ಡಾಲರಿಗೇ ನಿಲ್ಲುತ್ತದೆ. ಮುನ್ನೂರು ಡಾಲರಿನ ಕಾಂಪೊಸಿಟ್ ಬ್ಯಾಟು ಕಳಿಸಿ, ಬೆಲೆ ಬರೆಸಲು ಕೆಲವೇ ಡಾಲರಿಗೆ ಜುಗ್ಗತನ ಮಾಡಿದರೆ ಒಡೆದ ದಿನ ಇನ್ನೂರು ಡಾಲರು ಕೈಬಿಟ್ಟಂತೆ. ಬೆಲೆ ಬರೆಸಿದರೂ ಕಟ್ಟಿದ್ದು ಸರಿಯಿರಲಿಲ್ಲವೆಂದು ಪರಿಹಾರ ನಿರಾಕರಿಸಲು ಅವರಿಗೆ ಅವಕಾಶವಿದೆ. ಹಾಗಾಗಿ ಪೆಟ್ಟಿಗೆ ಮುಚ್ಚುವ ಮೊದಲು ಮೊಬೈಲಿನಲ್ಲಿ ನಾಲ್ಕು ಫೋಟೊ ತೆಗೆದಿಟ್ಟುಕೊಳ್ಳುವುದು ಗುಳ್ಳೆ ಪ್ಲಾಸ್ಟಿಕ್ಕಿನಷ್ಟೇ ಅಗತ್ಯದ ಕೆಲಸ.

ಪ್ಯಾಕಿಂಗ್ ಎಂಬುದು ಕಳಿಸುವವನ ಖಾಸಗಿ ಉಸಾಬರಿ ಎಂದು ತಿಳಿಯುವವರಿಗೆ ಬೇಸ್‌ಬಾಲ್ ಬ್ಯಾಟಿನ ಚರಿತ್ರೆಯೇ ಉತ್ತರ ಕೊಟ್ಟಿದೆ. ಆಷ್ ಮರದ ಬ್ಯಾಟು ಇವತ್ತು ಮೈದಾನದಲ್ಲಿ ಅಪರೂಪವಾಗಿದ್ದರೆ ಅದಕ್ಕೆ ಮೇಪಲ್ ಹುಚ್ಚೊಂದೇ ಕಾರಣವಲ್ಲ. 2002ರಲ್ಲಿ ಮಿಚಿಗನ್ನಿನ ಡೆಟ್ರಾಯಿಟ್ ಬಳಿ ಹಸಿರು ಮಿರುಗಿನ, ಅಕ್ಕಿಕಾಳಿಗಿಂತ ತುಸು ದೊಡ್ಡ ಒಂದು ಜೀರುಂಡೆ ಕಂಡಿತು. ಅದರ ಹುಳು ಆಷ್ ಮರದ ತೊಗಟೆಯ ಕೆಳಗೆ ಹಾವಿನ ಹರಿದಾಟದಂಥ ಸುರಂಗ ಕೊರೆದು, ಮರಕ್ಕೆ ನೀರು ಅನ್ನ ಏರದಂತೆ ಮಾಡಿ ಕೊಲ್ಲುತ್ತದೆ. ಅಂದಿನಿಂದ ಇಂದಿನವರೆಗೆ ಕೋಟಿಗಟ್ಟಲೆ ಆಷ್ ಮರಗಳು ಸತ್ತಿವೆ. ಬ್ಯಾಟಿಗೆ ಮರ ಒದಗಿಸುತ್ತಿದ್ದ ಪೆನ್ಸಿಲ್ವೇನಿಯಾ, ನ್ಯೂಯಾರ್ಕ್ ಕಾಡುಗಳಿಗೂ ಅದು ಹಬ್ಬಿತು. ಪೂರ್ವ ಏಷ್ಯಾದ ಈ ಕೀಟ ಸಮುದ್ರ ದಾಟಿದ್ದು ಹೇಗೆ? ತಜ್ಞರ ಅಭಿಪ್ರಾಯದಲ್ಲಿ, ಸರಕು ತುಂಬಿ ಬಂದ ಮರದ ಪೆಟ್ಟಿಗೆ, ಹಲಗೆಗಳೊಳಗೆ ಕೂತು. ಯಾರೋ ಎಲ್ಲೋ ಅಗ್ಗವಾಗುತ್ತದೆಂದು ಕಾಯಿಸದ ಹಸಿಮರದಲ್ಲಿ ಪೆಟ್ಟಿಗೆ ಬಡಿದರು. ಅದರೊಳಗಿನ ಸರಕು ಸುರಕ್ಷಿತವಾಗಿಯೇ ತಲುಪಿರಬೇಕು.

ಅದೇ 2002ರಲ್ಲಿ ಐಎಸ್‌ಪಿಎಂ 15 ಎಂಬ ಅಂತರರಾಷ್ಟ್ರೀಯ ನಿಯಮ ಬಂತು. ಗಡಿ ದಾಟುವ ಮರದ ಪೆಟ್ಟಿಗೆ, ಪ್ಯಾಲೆಟ್ಟುಗಳ ಮರವನ್ನು ಅದರ ತಿರುಳು 56 ಡಿಗ್ರಿ ಸೆಲ್ಸಿಯಸ್ ಮುಟ್ಟುವಂತೆ ಕಾಯಿಸಿ ಅರ್ಧ ಗಂಟೆ ಹಾಗೇ ಇಡಬೇಕು, ಇಲ್ಲವೇ ಒಪ್ಪಿತವಾದ ಬೇರೆ ವಿಧಾನದಲ್ಲಿ ಹುಳು ಕೊಲ್ಲಬೇಕು. ಬಳಿಕ ಗೋಧಿ ತೆನೆಯ ಮುದ್ರೆ ಒತ್ತಬೇಕು. ಬೆಂಗಳೂರಿನ ಪೀಣ್ಯದಿಂದ ಹೊರದೇಶಕ್ಕೆ ಹೋಗುವ ಯಂತ್ರಗಳ ಮರದ ಪೆಟ್ಟಿಗೆಗಳ ಮೇಲೂ ಆ ತೆನೆ ಕಾಣುತ್ತದೆ. ರಟ್ಟಿಗೆ ಈ ನಿಯಮ ಅನ್ವಯಿಸುವುದಿಲ್ಲ. ಬ್ಯಾಟನ್ನು ಪರದೇಶಕ್ಕೆ ಕಳಿಸುವವರು ಭದ್ರವಾಗಿರಲೆಂದು ಮನೆಯಲ್ಲೇ ಹಲಗೆ ಹೊಡೆದು ಪೆಟ್ಟಿಗೆ ಮಾಡುವ ಬದಲು ದಪ್ಪ ರಟ್ಟನ್ನೇ ನಂಬಬೇಕಾದದ್ದು ಇದಕ್ಕಾಗಿ.

ಅಮೆರಿಕದಲ್ಲಿರುವ ಕನ್ನಡದ ಮನೆಗಳಿಗೆ ಈ ಲೆಕ್ಕ ಎರಡು ಕಡೆಯಿಂದ ತಾಗುತ್ತದೆ. ಮಕ್ಕಳು ಶಾಲೆಯ ಗೆಳೆಯರ ಜತೆ ಬೇಸ್‌ಬಾಲ್ ಆಡುತ್ತಾರೆ, ಅಪ್ಪಂದಿರು ಭಾನುವಾರ ಕ್ರಿಕೆಟ್ ಆಡುತ್ತಾರೆ. ಕ್ರಿಕೆಟ್ ಬ್ಯಾಟಿನ ಉದ್ದದ ಮಿತಿ 38 ಇಂಚು, ಅದು ಚಪ್ಪಟೆ, ಅದರ ದುರ್ಬಲ ಜಾಗ ನೆಲ ಮುಟ್ಟುವ ತುದಿ. ಕಟ್ಟುವ ಕ್ರಮ ಬೇರೆ, ಟೇಪಿನ ಲೆಕ್ಕ ಮಾತ್ರ ಅದೇ. ಭಾರತದ ಕೊರಿಯರ್‌ಗಳಲ್ಲಿ ಸೆಂಟಿಮೀಟರುಗಳನ್ನು ಗುಣಿಸಿ 5000ದಿಂದ ಭಾಗಿಸುವುದು ರೂಢಿ. ಬೇಸ್‌ಬಾಲ್ ಬ್ಯಾಟು ಹಿಡಿಯುವ 91 ಸೆಂ.ಮೀ. ಉದ್ದ, ಹತ್ತು ಹತ್ತು ಸೆಂ.ಮೀ. ಚೌಕದ ಪೆಟ್ಟಿಗೆ ಎರಡು ಕಿಲೋದೊಳಗೆ ಬರುತ್ತದೆ. ಅದೇ ಉದ್ದಕ್ಕೆ ಮೂವತ್ತು ಮೂವತ್ತರ ಪೆಟ್ಟಿಗೆ ತೆಗೆದುಕೊಂಡರೆ ಹದಿನಾರು ಕಿಲೋ ದಾಟುತ್ತದೆ. ಊರಿಗೆ ಹೊರಟಾಗ ಕೈಚೀಲದಲ್ಲೇ ಒಯ್ಯೋಣವೆಂದರೆ ಅಮೆರಿಕದ ವಿಮಾನ ನಿಲ್ದಾಣದಲ್ಲೂ ಇಲ್ಲಿಯೂ ಬ್ಯಾಟನ್ನು ಕ್ಯಾಬಿನ್ನಿಗೆ ಬಿಡುವುದಿಲ್ಲ. 2013ರ ಮಾರ್ಚ್‌ನಲ್ಲಿ ಅಮೆರಿಕದ ಸಾರಿಗೆ ಭದ್ರತಾ ಸಂಸ್ಥೆ 24 ಇಂಚಿನೊಳಗಿನ ಆಟಿಕೆ ಬ್ಯಾಟುಗಳಿಗೆ, ಪುಟ್ಟ ಚಾಕುಗಳಿಗೆ ರಿಯಾಯಿತಿ ಕೊಡಲು ಹೊರಟು, ಗಗನಸಖಿಯರೂ ಸಂಸದರೂ ಗದರಿದ್ದಕ್ಕೆ ಜೂನ್‌ನಲ್ಲಿ ಹಿಂದೆ ಸರಿಯಿತು.

ಮಕ್ಕಳ ಬ್ಯಾಟುಗಳಲ್ಲಂತೂ ಆ 30 ಇಂಚಿನ ಗೆರೆಯ ಆಟ ಚೆನ್ನಾಗಿ ಕಾಣುತ್ತದೆ. ಒಂಬತ್ತು ಹತ್ತರ ಹುಡುಗ ಹಿಡಿಯುವುದು ಸುಮಾರು 28 ಇಂಚಿನದು. ಎರಡು ತುದಿಗೂ ಮುಕ್ಕಾಲು ಮುಕ್ಕಾಲು ಇಂಚಿನ ದಿಂಡಿಟ್ಟು, ಬಿಗಿಯಾಗಿ ಕಟ್ಟಿದರೆ ಪೆಟ್ಟಿಗೆ ಸರಿಯಾಗಿ 30ಕ್ಕೆ ನಿಲ್ಲುತ್ತದೆ, ದೊಡ್ಡ ದಂಡ ತಪ್ಪುತ್ತದೆ. ಅದನ್ನು ಬೇಸಿಗೆ ಮುಗಿದ ಮೇಲೆ ಚಿಕ್ಕಮ್ಮನ ಮಗನಿಗೆ ಕಳಿಸಿಕೊಡಬಹುದು. ಮುಂದಿನ ವರ್ಷಕ್ಕೆ ಹುಡುಗನ ಕೈ ಉದ್ದವಾಗಿರುತ್ತದೆ, ಅವನು 30 ಇಂಚಿನ ಬ್ಯಾಟು ಕೇಳುತ್ತಾನೆ. ಅದು ಚಿಕ್ಕದಾದಾಗ ಚಿಕ್ಕಮ್ಮನ ಮನೆಗೆ ಹೋಗಬೇಕಾದರೆ, ಯಾರಾದರೂ ಆ ಕಡೆ ಕಾರಿನಲ್ಲಿ ಹೊರಡುವವರೆಗೆ ಕಾಯುವುದೇ ಅಗ್ಗ.